ಗೆದ್ದ ಮೇಲೂ ಕೆಳಗಿನ ಲೀಗ್‌ಗೆ ಇಳಿಯುವುದೇಕೆ? ಅಮೆರಿಕದ ಸಣ್ಣ ಕಾಲೇಜುಗಳ 'ಕಾನ್ಫರೆನ್ಸ್' ಲೆಕ್ಕಾಚಾರ

2025ರ ಮಾರ್ಚ್ ತಿಂಗಳು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಲೊರೆಟೊ ಎಂಬ ಪುಟ್ಟ ಊರಿದೆ. ಅಲ್ಲಿನ ಸೇಂಟ್ ಫ್ರಾನ್ಸಿಸ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ ತನ್ನ ಲೀಗ್ ಗೆದ್ದು, 1991ರ ನಂತರ ಮೊದಲ ಬಾರಿಗೆ ದೇಶದ ಅತಿದೊಡ್ಡ ಕಾಲೇಜು ಟೂರ್ನಿಗೆ ಹೋಯಿತು. ಮಾರ್ಚ್ 18ರಂದು ಬರೀ ಎರಡು ಅಂಕಗಳಿಂದ ಸೋತಿತು. ಸರಿಯಾಗಿ ಒಂದು ವಾರದ ನಂತರ ಆಡಳಿತ ಮಂಡಳಿ ಒಂದು ಪ್ರಕಟಣೆ ಹೊರಡಿಸಿತು: ನಾವು ಈ ಮಟ್ಟದ ಆಟವನ್ನೇ ಬಿಡುತ್ತಿದ್ದೇವೆ, 2026ರಿಂದ ಮೂರನೇ ಡಿವಿಷನ್‌ನ ಇನ್ನೊಂದು ಕಾನ್ಫರೆನ್ಸ್ ಸೇರುತ್ತೇವೆ.

ಮೂವತ್ತನಾಲ್ಕು ವರ್ಷ ಕಾದು ಸಿಕ್ಕ ಅವಕಾಶ. ಅದನ್ನು ವಾರದೊಳಗೆ ಬಿಟ್ಟುಕೊಡುವುದೆಂದರೆ?

ಅಮೆರಿಕದ ಕಾಲೇಜುಗಳು ಕಾನ್ಫರೆನ್ಸ್ ಬದಲಿಸುವ ಸುದ್ದಿ ಬಂದಾಗಲೆಲ್ಲ ಕೇಳಿಬರುವ ವಿವರಣೆ ಒಂದೇ: 'ಎಲ್ಲಾ ಟಿವಿ ದುಡ್ಡಿನ ಆಟ'. ದೊಡ್ಡ ವಿಶ್ವವಿದ್ಯಾಲಯಗಳ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಪ್ಯಾಕ್-12 ಎಂಬ ಪಶ್ಚಿಮ ಕರಾವಳಿಯ ಹಳೆಯ ಕಾನ್ಫರೆನ್ಸ್‌ನ 12 ಸದಸ್ಯರಲ್ಲಿ 10 ಮಂದಿ 2024ರಲ್ಲಿ ಬೇರೆ ಕಡೆ ಹೋದರು. ಪೆಸಿಫಿಕ್ ಸಾಗರದ ಪಕ್ಕದಲ್ಲಿರುವ ಸ್ಟ್ಯಾನ್‌ಫರ್ಡ್ ಈಗ ಆಡುವುದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ! ಹೆಸರು ನೋಡಿ ನಗು ಬರುತ್ತದೆ, ಆದರೆ ಹಿಂದಿರುವುದು ಪ್ರಸಾರ ಹಕ್ಕಿನ ಕೋಟಿಗಟ್ಟಲೆ ಡಾಲರ್.

ಆದರೆ ಸಾವಿರ, ಎರಡು ಸಾವಿರ ವಿದ್ಯಾರ್ಥಿಗಳಿರುವ ಕಾಲೇಜಿನ ಪಂದ್ಯವನ್ನು ಯಾವ ಟಿವಿಯೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ಆದರೂ ಅವು ಕಾನ್ಫರೆನ್ಸ್ ಬದಲಿಸುತ್ತಲೇ ಇರುತ್ತವೆ. ಅವುಗಳ ಕಾರಣಗಳೇ ಬೇರೆ.

ಕಾನ್ಫರೆನ್ಸ್ ಅಂದರೆ ಏನು?

ನಮ್ಮಲ್ಲಿ ಕಾಲೇಜು ಯಾರ ಜೊತೆ ಆಡಬೇಕು ಎನ್ನುವುದು ಸಂಯೋಜನೆಯಿಂದಲೇ ತೀರ್ಮಾನವಾಗುತ್ತದೆ. ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಮೈಸೂರು ವಿವಿಯ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಆಡುತ್ತದೆ. ಅಲ್ಲಿ ಆಯ್ಕೆಯಾದವರು ವಿವಿ ತಂಡದಲ್ಲಿ ದಕ್ಷಿಣ ವಲಯಕ್ಕೆ ಹೋಗುತ್ತಾರೆ. 'ಈ ಗುಂಪು ನಮಗೆ ಬೇಡ' ಎನ್ನಲು ಪ್ರಿನ್ಸಿಪಾಲರಿಗೆ ಅವಕಾಶವೇ ಇಲ್ಲ.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಕಾನ್ಫರೆನ್ಸ್ ಎಂದರೆ ಕಾಲೇಜುಗಳು ತಾವೇ ಸೇರಿ ಕಟ್ಟಿಕೊಂಡ ಕೂಟ. ವರ್ಷವಿಡೀ ಬಹುತೇಕ ಪಂದ್ಯಗಳು ಆ ಕೂಟದೊಳಗೇ ನಡೆಯುತ್ತವೆ. ಸೇರುವುದು, ಬಿಡುವುದು ಆಯಾ ಕಾಲೇಜಿನ ಇಷ್ಟ (ಯಾವಾಗಲೂ ಅಲ್ಲ, ಮುಂದೆ ನೋಡೋಣ). ಇವುಗಳ ಮೇಲೆ ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆ ಇದೆ. ಅದರಲ್ಲಿ 1973ರಿಂದ ಮೂರು ಡಿವಿಷನ್‌ಗಳಿವೆ. ಒಂದನೇ ಡಿವಿಷನ್‌ನಲ್ಲಿ ಆಟಕ್ಕಾಗಿಯೇ ಸ್ಕಾಲರ್‌ಶಿಪ್ ಕೊಡಬಹುದು. ಮೂರನೆಯದರಲ್ಲಿ ಆಟಕ್ಕೆಂದು ಒಂದು ಡಾಲರ್ ಕೂಡ ಕೊಡುವಂತಿಲ್ಲ. ಓದಿನ ಅಂಕ ಅಥವಾ ಮನೆಯ ಆರ್ಥಿಕ ಸ್ಥಿತಿ ನೋಡಿ ಎಲ್ಲರಂತೆ ನೆರವು ಕೊಡಬಹುದು ಅಷ್ಟೇ.

ಈ ಒಂದು ನಿಯಮ ನೆನಪಿಟ್ಟುಕೊಂಡರೆ ಸೇಂಟ್ ಫ್ರಾನ್ಸಿಸ್ ಮಾಡಿದ್ದು ಅರ್ಧ ಅರ್ಥವಾಗುತ್ತದೆ. ಮೇಲಿನ ಡಿವಿಷನ್‌ನಲ್ಲಿ ಉಳಿಯಬೇಕಾದರೆ ಸ್ಕಾಲರ್‌ಶಿಪ್, ತರಬೇತುದಾರರ ಸಂಬಳ, ವಿಮಾನ ಪ್ರಯಾಣ ಎಲ್ಲಕ್ಕೂ ಕಾಲೇಜೇ ದುಡ್ಡು ಸುರಿಯಬೇಕು. ಅದರ ಮೇಲೆ ಈಗ ಹೊಸ ಹೊರೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಂದು ಒಪ್ಪಂದದ ಪ್ರಕಾರ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಸಂಸ್ಥೆಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಕೊಡಲೇಬೇಕೆಂದಿಲ್ಲ, ಆದರೆ ಕೊಡುವವರ ಎದುರು ಕೊಡಲಾಗದವರು ಆಡಬೇಕು. ಸಣ್ಣ ಕಾಲೇಜು ಕಷ್ಟಪಟ್ಟು ತಯಾರು ಮಾಡಿದ ಹುಡುಗನನ್ನು ದೊಡ್ಡವರು ಮರುವರ್ಷವೇ ಎಳೆದುಕೊಳ್ಳುವುದೂ ಈಗ ಸುಲಭ. ಸೇಂಟ್ ಫ್ರಾನ್ಸಿಸ್ ತನ್ನ ನಿರ್ಧಾರಕ್ಕೆ ಇಂಥ ಬದಲಾವಣೆಗಳನ್ನೇ ಕಾರಣವಾಗಿ ಹೇಳಿತ್ತು.

ಇಂಥ ಹೆಜ್ಜೆ ಇಟ್ಟವರಲ್ಲಿ ಅದು ಮೊದಲನೆಯದೇನಲ್ಲ. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ವಿಶ್ವವಿದ್ಯಾಲಯ 2021ರ ಮಾರ್ಚ್‌ನಲ್ಲಿ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಅದೇ ಟೂರ್ನಿ ಪ್ರವೇಶಿಸಿತ್ತು. ಮೇ ತಿಂಗಳಲ್ಲಿ ಮೂರನೇ ಡಿವಿಷನ್‌ಗೆ ಇಳಿಯಲು ಮತ ಹಾಕಿತು. ಆಟಗಾರರು, ಹಳೆಯ ವಿದ್ಯಾರ್ಥಿಗಳು ಸಿಟ್ಟಾದರು. ಆಗದೇ ಇರುತ್ತಾರೆಯೇ? ದೊಡ್ಡ ವೇದಿಕೆಯಲ್ಲಿ ಆಡಲೆಂದೇ ಬಂದವರು ಅವರು.

ಆಟಗಾರರೇ ಫೀಸು ಕಟ್ಟುವವರು

ಅತಿ ಸಣ್ಣ ಕಾಲೇಜುಗಳ ವಿಷಯಕ್ಕೆ ಬಂದಾಗ ನಮ್ಮ ತಿಳಿವಳಿಕೆ ಸಾಮಾನ್ಯವಾಗಿ ಎಡವುವುದು ಇಲ್ಲೇ. ದೊಡ್ಡ ವಿವಿಯಲ್ಲಿ ಆಟ ಎಂದರೆ ಜಾಹೀರಾತು. ಸಣ್ಣ ಖಾಸಗಿ ಕಾಲೇಜಿನಲ್ಲಿ ಆಟ ಎಂದರೆ ಅಡ್ಮಿಷನ್.

ಒಂದು ಲೆಕ್ಕ ಹಾಕೋಣ, ಅಂಕಿಗಳು ಉದಾಹರಣೆಗೆ ಮಾತ್ರ. ಒಂದು ಕಾಲೇಜಿನಲ್ಲಿ 1,000 ವಿದ್ಯಾರ್ಥಿಗಳಿದ್ದಾರೆ. ಹೊಸದಾಗಿ ಫುಟ್‌ಬಾಲ್ ತಂಡ ಶುರುಮಾಡಿದರು (ನಮ್ಮ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿ ಆಡುವ ಅಮೆರಿಕನ್ ಆಟ). ಈ ಆಟಕ್ಕೆ ನೂರು ಹುಡುಗರ ತಂಡ ಮಾಮೂಲು. ಆಟದ ಸ್ಕಾಲರ್‌ಶಿಪ್ ಇಲ್ಲ, ಹಾಗಾಗಿ ರಿಯಾಯಿತಿ ಕಳೆದು ಒಬ್ಬೊಬ್ಬರು 20,000 ಡಾಲರ್ ಕಟ್ಟಿದರೂ ವರ್ಷಕ್ಕೆ 20 ಲಕ್ಷ ಡಾಲರ್ ಬಂತು. ತಂಡ ಎಲ್ಲಾ ಪಂದ್ಯ ಸೋತರೂ ಕಾಲೇಜು ಗೆದ್ದಂತೆ. ಮೂರನೇ ಡಿವಿಷನ್‌ನ ಕೆಲವು ಕಾಲೇಜುಗಳಲ್ಲಿ ಮೂವರಲ್ಲಿ ಒಬ್ಬ ವಿದ್ಯಾರ್ಥಿ ಯಾವುದಾದರೂ ತಂಡದಲ್ಲಿ ಇರುತ್ತಾನೆ.

ಈ ಲೆಕ್ಕದ ಹಿಂದೆ ಭಯವೂ ಇದೆ. ಅಮೆರಿಕದಲ್ಲಿ ಜನನ ಸಂಖ್ಯೆ 2007ರಲ್ಲಿ ತುತ್ತತುದಿಗೆ ಹೋಗಿ, ಆರ್ಥಿಕ ಕುಸಿತದ ನಂತರ ಇಳಿಯುತ್ತಾ ಬಂತು. ಅಂದು ಹುಟ್ಟಿದವರಿಗೆ ಈಗ ಹದಿನೆಂಟರ ಆಸುಪಾಸು. ಅಂದರೆ ಕಾಲೇಜಿಗೆ ಬರುವ ವಯಸ್ಸಿನವರೇ ಕಡಿಮೆಯಾಗುತ್ತಾರೆ. ಹೀಗಿರುವಾಗ ಕಾನ್ಫರೆನ್ಸ್ ಬದಲಿಸುವುದೆಂದರೆ 'ಯಾವ ಊರುಗಳ ಮಕ್ಕಳ ಕಣ್ಣಿಗೆ ಬೀಳಬೇಕು' ಎಂದು ಆರಿಸಿಕೊಳ್ಳುವುದೂ ಹೌದು. ತಂಡ ಪ್ರತಿ ವರ್ಷ ಯಾವ ನಗರಕ್ಕೆ ಹೋಗುತ್ತದೋ ಅಲ್ಲಿನ ಹೈಸ್ಕೂಲುಗಳಲ್ಲಿ ಕಾಲೇಜಿನ ಹೆಸರು ಓಡಾಡುತ್ತದೆ.

ಬಸ್ಸಿನ ಕಾರಣ

ಇನ್ನು ದೂರ. ಸದರ್ನ್ ಕಾಲೇಜಿಯೇಟ್ ಎಂಬ ಕಾನ್ಫರೆನ್ಸ್ ಒಂದು ಕಾಲಕ್ಕೆ ಕೊಲರಾಡೊ ರಾಜ್ಯದಿಂದ ಟೆಕ್ಸಾಸ್ ಹಾದು ಅಟ್ಲಾಂಟಾವರೆಗೆ ಹಬ್ಬಿತ್ತು. ತುದಿಯಿಂದ ತುದಿಗೆ ಸುಮಾರು 1,900 ಕಿ.ಮೀ., ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಹೋಗುವುದಕ್ಕಿಂತಲೂ ಹೆಚ್ಚು. ಒಂದು ವಾಲಿಬಾಲ್ ಪಂದ್ಯಕ್ಕೆ! ಶುಕ್ರವಾರದ ಕ್ಲಾಸ್ ಹೋಯಿತು, ಸೋಮವಾರ ನಿದ್ದೆಗಣ್ಣು, ಖರ್ಚು ಬೇರೆ. ಕೊನೆಗೆ 2011ರಲ್ಲಿ ಅದರ ಏಳು ಸದಸ್ಯರು ಹೊರಬಂದು, ಬೆರ್ರಿ ಎಂಬ ಇನ್ನೊಂದು ಕಾಲೇಜನ್ನೂ ಸೇರಿಸಿಕೊಂಡು ಸದರ್ನ್ ಅಥ್ಲೆಟಿಕ್ ಅಸೋಸಿಯೇಷನ್ ಕಟ್ಟಿದರು. ಅದು 2012ರಲ್ಲಿ ಆಟ ಶುರುಮಾಡಿತು.

ತಮಾಷೆಯೆಂದರೆ, ಆಗ ಹಿಂದೆ ಉಳಿದಿದ್ದ ಟೆಕ್ಸಾಸ್‌ನ ಟ್ರಿನಿಟಿ ಮತ್ತು ಸೌತ್‌ವೆಸ್ಟರ್ನ್ ಕೂಡ 2025ರಲ್ಲಿ ಇದೇ ಕೂಟಕ್ಕೆ ಬಂದವು. ದೂರ ಮತ್ತೆ ಬೆಳೆಯಿತು. ಅಂದರೆ ಬಸ್ಸಿನ ಖರ್ಚೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಓದಿನಲ್ಲಿ, ಗಾತ್ರದಲ್ಲಿ ತಮ್ಮಂಥವರ ಜೊತೆ ಹೆಸರು ಕೇಳಿಬರಬೇಕೆಂಬ ಆಸೆಯೂ ಕೆಲಸ ಮಾಡುತ್ತದೆ. ಸಂಬಂಧ ನೋಡುವಾಗ ನಮ್ಮವರು 'ಯಾರ ಪೈಕಿ' ಎಂದು ಕೇಳುವುದಿಲ್ಲವೇ, ಹೆಚ್ಚುಕಡಿಮೆ ಅದೇ ಪ್ರಶ್ನೆ.

ಕೂಟದ ಸದಸ್ಯರು ಕಡಿಮೆಯಾದರೆ ಇನ್ನೊಂದು ಅಪಾಯವಿದೆ. ಕಾನ್ಫರೆನ್ಸ್ ಚಾಂಪಿಯನ್‌ಗೆ ರಾಷ್ಟ್ರೀಯ ಟೂರ್ನಿಯಲ್ಲಿ ನೇರ ಪ್ರವೇಶ ಸಿಗಬೇಕಾದರೆ ಕನಿಷ್ಠ ಇಷ್ಟು ಸದಸ್ಯರು ಇರಲೇಬೇಕೆಂಬ ನಿಯಮವಿದೆ. ಹಾಗಾಗಿ ಒಬ್ಬರು ಹೊರಟರೆ ಉಳಿದವರಿಗೂ ಚಡಪಡಿಕೆ ಶುರು.

ಗೆದ್ದಿದ್ದಕ್ಕೇ ಹೊರಹಾಕಿದರು

ಸೇರುವುದು ಬಿಡುವುದು ಕಾಲೇಜಿನ ಇಷ್ಟ ಎಂದೆನಲ್ಲ, ಅದಕ್ಕೆ ಅಪವಾದ ಮಿನೆಸೋಟದ ಸೇಂಟ್ ಥಾಮಸ್ ವಿಶ್ವವಿದ್ಯಾಲಯ. 1920ರಲ್ಲಿ ಮಿನೆಸೋಟ ಕಾನ್ಫರೆನ್ಸ್ ಕಟ್ಟಿದವರಲ್ಲಿ ಅದೂ ಒಂದು. ಕಾಲಕ್ರಮೇಣ ಉಳಿದವರಿಗಿಂತ ಬಹಳ ದೊಡ್ಡದಾಗಿ ಬೆಳೆಯಿತು. 2017ರಲ್ಲಿ ಅದೇ ಕಾನ್ಫರೆನ್ಸ್‌ನ ಸೇಂಟ್ ಓಲಾಫ್ ಕಾಲೇಜನ್ನು ಫುಟ್‌ಬಾಲ್‌ನಲ್ಲಿ 97–0 ಅಂತರದಿಂದ ಸೋಲಿಸಿತು. 2019ರಲ್ಲಿ ಕಾನ್ಫರೆನ್ಸ್, ಸ್ಪರ್ಧೆಯಲ್ಲಿ ಸಮಬಲ ಉಳಿದಿಲ್ಲವೆಂದು ಹೇಳಿ ಅದನ್ನು ಹೊರಕಳಿಸಲು ನಿರ್ಧರಿಸಿತು. ಮೋಸ ಮಾಡಿದ್ದಕ್ಕಲ್ಲ, ನಿಯಮ ಮುರಿದಿದ್ದಕ್ಕೂ ಅಲ್ಲ. 2021ರಲ್ಲಿ ಸೇಂಟ್ ಥಾಮಸ್ ಮೂರನೇ ಡಿವಿಷನ್‌ನಿಂದ ನೇರವಾಗಿ ಒಂದನೆಯದಕ್ಕೆ ಹಾರಿತು. ನನಗೆ ಎರಡೂ ಕಡೆಯವರ ಮಾತು ಸರಿ ಅನಿಸುತ್ತದೆ. ಸ್ಕಾಲರ್‌ಶಿಪ್ ಇಲ್ಲದೆ, ಓದಿನ ಜೊತೆ ಆಡಲು ಬಂದ ಹುಡುಗರಿಗೆ 97–0 ಎನ್ನುವುದು ಆಟವಾಗಿ ಉಳಿದಿರುವುದಿಲ್ಲ.

ಮನೆಯ ಗ್ರೂಪಿನಲ್ಲಿ ಇಂಥ ಸುದ್ದಿ ಬಂದರೆ

ನಮ್ಮಲ್ಲಿ ಅನೇಕರ ಮಕ್ಕಳು ಅಮೆರಿಕದಲ್ಲಿ ಓದುತ್ತಿದ್ದಾರೆ. 'ನಿಮ್ಮ ಮಗಳ ಕಾಲೇಜು ಕಾನ್ಫರೆನ್ಸ್‌ನಿಂದ ಹೊರಬಿತ್ತಂತೆ' ಎಂಬ ಸಂದೇಶ ಕಂಡರೆ ಎದೆ ಧಸಕ್ ಎನ್ನುವುದು ಸಹಜ. ಆದರೆ ಕಾನ್ಫರೆನ್ಸ್‌ಗೂ ಪದವಿಯ ಮಾನ್ಯತೆಗೂ ಸಂಬಂಧವಿಲ್ಲ. ಮಾನ್ಯತೆ ಕೊಡುವ ಸಂಸ್ಥೆಗಳೇ ಬೇರೆ, ಅವಕ್ಕೆ ಬ್ಯಾಸ್ಕೆಟ್‌ಬಾಲ್ ಯಾರ ಜೊತೆ ಆಡುತ್ತೀರಿ ಎಂಬುದು ಬೇಕಿಲ್ಲ. ವೀಸಾಕ್ಕೂ ಇದರಿಂದ ತೊಂದರೆಯಿಲ್ಲ. ನೋಡಬೇಕಾದ್ದು ಬೇರೆ: ವಿದ್ಯಾರ್ಥಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯೇ, ವಿಭಾಗಗಳು ಮುಚ್ಚುತ್ತಿವೆಯೇ, ಮಾನ್ಯತೆ ಸಂಸ್ಥೆ ಹಣಕಾಸಿನ ಬಗ್ಗೆ ಎಚ್ಚರಿಕೆ ಕೊಟ್ಟಿದೆಯೇ. ಈ ಮಾಹಿತಿ ಕಾಲೇಜಿನ ಮತ್ತು ಮಾನ್ಯತೆ ಸಂಸ್ಥೆಯ ವೆಬ್‌ಸೈಟ್‌ಗಳಲ್ಲಿ ಹುಡುಕಿದರೆ ಸಿಗುತ್ತದೆ.

ಕಾನ್ಫರೆನ್ಸ್ ಬದಲಿಸಿದ ಮಾತ್ರಕ್ಕೆ ಕಾಲೇಜು ಮುಳುಗುವುದಿಲ್ಲ, ಸರಿ. ಉಳಿಯುತ್ತದೆ ಎಂದೂ ಇಲ್ಲ. ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು ಇದಕ್ಕೆ ಸಾಕ್ಷಿ. ಅದರ ಬೇರು 1856ಕ್ಕೆ ಹೋಗುತ್ತದೆ. ಒಂದನೇ ಡಿವಿಷನ್‌ನಲ್ಲಿ ಆಡುತ್ತಿದ್ದ ಈ ಕಾಲೇಜು 2006ರಲ್ಲಿ ಮೂರನೆಯದಕ್ಕೆ ಇಳಿಯಲು ನಿರ್ಧರಿಸಿತು, ಮರುವರ್ಷ ಫುಟ್‌ಬಾಲ್ ತಂಡವನ್ನೂ ಶುರುಮಾಡಿತು. ಸದರ್ನ್ ಕಾಲೇಜಿಯೇಟ್ ಸೇರಿತು, 2012ರಲ್ಲಿ ಹೊರಬಂದ ಏಳರಲ್ಲಿ ಅದೂ ಒಂದಾಗಿತ್ತು. ಈ ಲೇಖನದಲ್ಲಿ ಹೇಳಿದ ಹೆಚ್ಚುಕಡಿಮೆ ಎಲ್ಲವನ್ನೂ ಅದು ಮಾಡಿತ್ತು. ಆದರೆ ಹಳೆಯ ಸಾಲ, ಕರಗಿದ ನಿಧಿ, ಇಳಿಯುತ್ತಲೇ ಇದ್ದ ಅಡ್ಮಿಷನ್ ಇವಕ್ಕೆ ಯಾವ ಕಾನ್ಫರೆನ್ಸೂ ಮದ್ದಾಗಲಿಲ್ಲ. ರಾಜ್ಯ ಸರ್ಕಾರದಿಂದ ಸಾಲ ಕೇಳಿದರು, ಸಿಗಲಿಲ್ಲ. 2024ರ ಮೇ 31ಕ್ಕೆ ಬಾಗಿಲು ಮುಚ್ಚುವುದಾಗಿ ಮಾರ್ಚ್‌ನಲ್ಲಿ ಘೋಷಿಸಿದರು.

ಆ ವಸಂತದಲ್ಲಿ ಅವರ ಬೇಸ್‌ಬಾಲ್ ತಂಡ ಗೆಲ್ಲುತ್ತಲೇ ಹೋಯಿತು. ರಾಷ್ಟ್ರೀಯ ಫೈನಲ್ ಸುತ್ತಿನ ಮೊದಲ ಪಂದ್ಯ ಓಹಾಯೊದಲ್ಲಿ ನಿಗದಿಯಾಗಿದ್ದು ಮೇ 31ರಂದೇ. ಕಾಲೇಜು ಮುಚ್ಚಿದ ದಿನ ಹುಡುಗರು ಅದರ ಹೆಸರಿನ ಜೆರ್ಸಿ ತೊಟ್ಟು ಮೈದಾನಕ್ಕಿಳಿದರು. ಆ ಪಂದ್ಯ ಸೋತರು. ಮರುದಿನ ಕೊನೆಯ ಹೊಡೆತದ ಹೋಮ್ ರನ್‌ನಿಂದ ಗೆದ್ದರು. ಜೂನ್ 2ರಂದು ಮತ್ತೆ ಸೋತು ಟೂರ್ನಿಯಿಂದ ಹೊರಬಿದ್ದರು. ಅಷ್ಟು ಹೊತ್ತಿಗೆ ಅವರ ಕಾಲೇಜು ಮುಚ್ಚಿ ಎರಡು ದಿನವಾಗಿತ್ತು.