ಲಿಲಿ ಗಡ್ಡೆಗೆ ಎಷ್ಟು ಆಳ?

ಲಿಲಿ ಎಂಬ ಹೆಸರಿನಲ್ಲಿ ಮನೆಯಂಗಳಕ್ಕೆ ಬರುವ ಗಿಡಗಳು ವಾಸ್ತವದಲ್ಲಿ ಬೇರೆ ಬೇರೆ ಸಸ್ಯಕುಟುಂಬಗಳಿಗೆ ಸೇರಿರುವುದರಿಂದ, ಅವೆಲ್ಲಕ್ಕೂ ಒಂದೇ ಅಳತೆಯ ಗುಳಿ ತೋಡುವುದು ಗಡ್ಡೆ ಕೊಳೆಯುವುದಕ್ಕೆ ಅಥವಾ ಗಿಡ ಸೊರಗುವುದಕ್ಕೆ ಕಾರಣವಾಗುತ್ತದೆ. ಹೂಗುಚ್ಛಗಳಲ್ಲಿ ಕಾಣುವ ಏಷ್ಯಾಟಿಕ್ ಮತ್ತು ಓರಿಯೆಂಟಲ್ ತಳಿಗಳು ನಿಜವಾದ ಲಿಲಿಗಳು, ಅಂದರೆ ಲಿಲಿಯಂ ಕುಲದವು. ಕರ್ನಾಟಕದ ಮನೆಗಳಲ್ಲಿ ಬೇಸಿಗೆಯಲ್ಲಿ ತುತ್ತೂರಿಯಾಕಾರದ ದೊಡ್ಡ ಕೆಂಪು ಹೂ ಬಿಡುವ ಗಿಡವಾದರೋ ದಕ್ಷಿಣ ಅಮೆರಿಕ ಮೂಲದ ಹಿಪ್ಪಿಯಾಸ್ಟ್ರಮ್. ಮಳೆ ಬಿದ್ದೊಡನೆ ಅರಳುವ ಮಳೆ ಲಿಲಿ ಅದರ ಹತ್ತಿರದ ಸಂಬಂಧಿ.

ಲಿಲಿಯಂ ಗಡ್ಡೆಯು ಬಿಡಿಬಿಡಿಯಾದ ದಪ್ಪ ಎಸಳುಗಳಿಂದ ಕೂಡಿದ್ದು, ಅದಕ್ಕೆ ಹೊರಗಿನ ಒಣಸಿಪ್ಪೆ ಇಲ್ಲವಾದ್ದರಿಂದ ಗಾಳಿಗೆ ಬೇಗ ಬಾಡುತ್ತದೆ. ಕೊಂಡು ತಂದದ್ದನ್ನು ತಡಮಾಡದೆ ನೆಡಬೇಕು. ಅದರ ಹೆಚ್ಚಿನ ತಳಿಗಳಲ್ಲಿ ಬುಡದ ಬೇರುಗಳಲ್ಲದೆ, ಗಡ್ಡೆಯ ಮೇಲ್ಭಾಗದಲ್ಲಿ ಮಣ್ಣಿನೊಳಗಿರುವ ಕಾಂಡದಿಂದಲೂ ಬೇರುಗಳು ಹೊರಡುತ್ತವೆ. ಈ ಕಾಂಡಬೇರುಗಳಿಗೆ ಎಡೆ ಸಿಗಲೆಂದೇ ಗಡ್ಡೆಯ ಮೇಲೆ 10ರಿಂದ 15 ಸೆಂ.ಮೀ. ಮಣ್ಣು ಇರಬೇಕು. ಹಿಪ್ಪಿಯಾಸ್ಟ್ರಮ್ ಇದಕ್ಕೆ ತದ್ವಿರುದ್ಧ: ಈರುಳ್ಳಿಯಂತೆ ಸಿಪ್ಪೆ ಹೊದ್ದ ಅದರ ಗಡ್ಡೆಗೆ ಬೇರುಗಳು ತಳದಿಂದ ಮಾತ್ರ ಬರುವುದರಿಂದ ಕತ್ತನ್ನು ಹೂಳುವ ಅಗತ್ಯವಿಲ್ಲ, ಹೂತರೆ ಮಳೆಗಾಲದ ತೇವ ಅಲ್ಲಿ ನಿಂತು ಕೊಳೆತ ಆರಂಭವಾಗಬಹುದು. ಮಳೆ ಲಿಲಿಯ ಪುಟ್ಟ ಗಡ್ಡೆಗಳಿಗೆ ಮೂರು–ನಾಲ್ಕು ಸೆಂ.ಮೀ. ಆಳ ಸಾಕು. ಮಣ್ಣಿನ ವಿಷಯದಲ್ಲಿ ಮಾತ್ರ ಎಲ್ಲಕ್ಕೂ ಬೇಕಾದದ್ದು ಒಂದೇ, ನೀರು ಬಸಿದುಹೋಗುವ ಗುಣ; ಕೆಮ್ಮಣ್ಣಿಗೆ ಮರಳನ್ನೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿದರೆ ಅದು ದೊರೆಯುತ್ತದೆ.

ಆಳಕ್ಕಿಂತ ಬಿಗಿಯಾದ ಕಟ್ಟುಪಾಡು ಹವೆಯದು. ಲಿಲಿಯಂ ಗಡ್ಡೆಯು ಸರಿಯಾಗಿ ಹೂ ಬಿಡಲು ಕೆಲವು ವಾರಗಳ ಚಳಿಯನ್ನು ಅನುಭವಿಸಿರಬೇಕು. ಹಾಲೆಂಡಿನಿಂದ ಬರುವ ಗಡ್ಡೆಗಳಿಗೆ ಶೀತಲಗೃಹದಲ್ಲಿ ಈ ಚಳಿಯನ್ನು ಮೊದಲೇ ಒದಗಿಸಿರುವುದರಿಂದ ಬೆಂಗಳೂರಿನಲ್ಲೂ ಮೊದಲ ವರ್ಷ ಹೂ ಕಾಣುತ್ತದೆ, ಆದರೆ ಆಮೇಲಿನ ವರ್ಷಗಳಲ್ಲಿ ಗಿಡ ಸಾಮಾನ್ಯವಾಗಿ ಕ್ಷೀಣಿಸುತ್ತದೆ. ದಕ್ಷಿಣ ಭಾರತಕ್ಕೂ ತನ್ನದೇ ಆದ ನಿಜ ಲಿಲಿಯೊಂದಿದೆಯಾದರೂ, ನೀಲಗಿರಿಯ ಹೆಸರನ್ನು ಹೊತ್ತ ಆ ಬಿಳಿ ಹೂವಿನ ಪ್ರಭೇದ ನೆಲೆಸಿರುವುದು ಪಶ್ಚಿಮ ಘಟ್ಟದ ದಕ್ಷಿಣ ಭಾಗದ ಎತ್ತರದ ಬೆಟ್ಟಗಳಲ್ಲಿ. ಆದಕಾರಣ ಬಯಲುಸೀಮೆಯ ತೋಟಗಾರರಿಗೆ ದುಬಾರಿ ಲಿಲಿಯಂಗಿಂತ ಹಿಪ್ಪಿಯಾಸ್ಟ್ರಮ್ಮೇ ಜಾಣ ಆಯ್ಕೆ. ಚಳಿಗಾಲದಲ್ಲಿ ನೀರು ತಗ್ಗಿಸಿ ವಿಶ್ರಾಂತಿ ಕೊಟ್ಟರೆ ಅದು ವರ್ಷವರ್ಷವೂ ಹೂ ಬಿಡುವುದಲ್ಲದೆ, ಬದಿಯಲ್ಲಿ ಮರಿಗಡ್ಡೆಗಳನ್ನೂ ಹಾಕುತ್ತದೆ. ಕಪ್ಪು ಮೈಮೇಲೆ ಬಿಳಿ, ಕೆಂಪು ಚುಕ್ಕೆಗಳಿರುವ ಲಿಲಿ ಪತಂಗದ ಹುಳುಗಳು ಎಲೆಗಳನ್ನು ಮೇಯುವುದುಂಟು. ಮನೆತೋಟದ ಮಟ್ಟಿಗೆ ಅವುಗಳನ್ನು ಕೈಯಿಂದ ಆರಿಸಿ ತೆಗೆದರೆ ಸಾಕು. ಬೆಕ್ಕು ಸಾಕಿರುವ ಮನೆಯಲ್ಲಿ ಲಿಲಿಯಂ ಬೆಳೆಸಲೇಬಾರದು, ಏಕೆಂದರೆ ಅದರ ಎಲೆ, ಹೂ, ಪರಾಗಗಳೆಲ್ಲವೂ ಬೆಕ್ಕಿನ ಮೂತ್ರಪಿಂಡಕ್ಕೆ ಮಾರಕ ವಿಷ.