ಐದು ಸಾಲಿನ ಅಳತೆಗೋಲು

ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಕಾಗದದ್ದೇ ರಾಜ್ಯಭಾರ. ಮದುವೆ ಪತ್ರಿಕೆ, ಬಿಲ್ ಪುಸ್ತಕ, ರಟ್ಟಿನ ಡಬ್ಬಿ. ಮಕ್ಕಳಿಗಾಗಿ ದುಡಿಯುವ ಸಂಸ್ಥೆಗಳಿಗೂ ಇಂಥ ಅಂಗಡಿಗಳಲ್ಲಿ ಕೆಲಸವಿರುತ್ತದೆ: ಹಾಜರಿ ಪಟ್ಟಿ, ಸರ್ಟಿಫಿಕೇಟು, ವಾರ್ಷಿಕ ವರದಿ. ಶಾಲೆ ಬಿಟ್ಟ ಮೇಲಿನ ಆಟ, ಓದು, ನಾಟಕದ ತರಗತಿಗಳಿಗೆ ಯಾರೋ ಅನುದಾನ ಕೊಟ್ಟಿರುತ್ತಾರೆ. ಆ ಹಣ ಏನಾಯಿತು ಎಂದು ವರದಿ ಹೇಳಬೇಕು. ಬಹುಕಾಲ ಅದು ಹೇಳುತ್ತಿದ್ದುದು ಎಣಿಕೆಯನ್ನಷ್ಟೇ. ಇಷ್ಟು ಮಕ್ಕಳು ಬಂದರು, ಇಷ್ಟು ತರಗತಿ ನಡೆದವು, ಇಷ್ಟು ಬ್ಯಾಗ್ ಹಂಚಿದೆವು. ಬಂದ ಮಗುವಿನಲ್ಲಿ ಏನು ಬದಲಾಯಿತು ಎಂಬ ಕಾಲಂ ಇರುತ್ತಿರಲಿಲ್ಲ. ಆ ಕಾಲಂ ಹುಟ್ಟಿದ ಕತೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು.

ಹಣಕ್ಕೂ ಕಲಿಕೆಗೂ ಗಂಟು ಹಾಕುವ ಯೋಚನೆ ಮಾತ್ರ ಹಳೆಯದು, ಅದರ ಮೊದಲ ಪಾಠವೂ ಕಹಿ. 1862ರಲ್ಲಿ ಇಂಗ್ಲೆಂಡಿನ ರಾಬರ್ಟ್ ಲೋ ಒಂದು ನಿಯಮ ತಂದರು. ಇನ್‌ಸ್ಪೆಕ್ಟರ್ ಬಂದು ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದಲ್ಲಿ ಪರೀಕ್ಷೆ ಮಾಡಬೇಕು. ಒಂದೊಂದು ವಿಷಯದಲ್ಲಿ ಫೇಲಾದರೂ ಶಾಲೆಯ ಅನುದಾನದಲ್ಲಿ 2 ಷಿಲಿಂಗ್ 8 ಪೆನ್ನಿ ಕಡಿತ. ಮೇಷ್ಟರುಗಳು ಏನು ಮಾಡಿಯಾರು? ಓದುವ ಪುಸ್ತಕವನ್ನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಕವಿ ಮ್ಯಾಥ್ಯೂ ಅರ್ನಾಲ್ಡ್ ಇದನ್ನು ಬಹಿರಂಗವಾಗಿಯೇ ವಿರೋಧಿಸಿದರು. ನಮ್ಮ ಪಕ್ಕದ ಮದ್ರಾಸ್ ಪ್ರಾಂತ್ಯವೂ ಆ ಶತಮಾನದಲ್ಲಿ ಇದೇ ಬಗೆಯ ಫಲಿತಾಂಶದ ಅನುದಾನವನ್ನು ನಡೆಸಿ ನೋಡಿತು. ಅಳತೆಗೆ ದಂಡ ಸೇರಿದರೆ ಅಳೆಯಬೇಕಾದದ್ದೇ ಕೆಟ್ಟುಹೋಗುತ್ತದೆ ಎಂಬುದು ಅಂದೇ ಗೊತ್ತಾಗಿತ್ತು.

ನಮ್ಮಲ್ಲಿ ಗಾಳಿ ಬದಲಾದದ್ದು 2000ದ ಆಸುಪಾಸಿನಲ್ಲಿ. ಆ ವರ್ಷ ಬೆಂಗಳೂರಿನಲ್ಲಿ ಅಕ್ಷರ ಫೌಂಡೇಷನ್ ಶುರುವಾಯಿತು. 2002ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಸರ್ಕಾರದ ಜೊತೆಗೂಡಿ ಈಶಾನ್ಯ ಕರ್ನಾಟಕದಲ್ಲಿ ಕಲಿಕಾ ಖಾತರಿ ಕಾರ್ಯಕ್ರಮ ಆರಂಭಿಸಿತು. ಶಾಲೆಗಳು ತಾವಾಗಿಯೇ ಹೆಸರು ಕೊಡಬೇಕು, ದಾಖಲಾತಿ, ಹಾಜರಿ, ಕಲಿಕೆ ಮೂರರಲ್ಲೂ ಗುರಿ ಮುಟ್ಟಿದವಕ್ಕೆ ಬಹುಮಾನ. ಗುರಿ ಮುಟ್ಟದವಕ್ಕೆ ಕಡಿತವಿಲ್ಲ. ಪ್ರಶ್ನೆಗಳೂ ಕಂಠಪಾಠಕ್ಕೆ ಸಿಗದಂಥವು. 2005ರಲ್ಲಿ ‘ಪ್ರಥಮ್’ ಸಂಸ್ಥೆಯ ‘ಅಸರ್’ ಸಮೀಕ್ಷೆ ಇಡೀ ದೇಶದ ಹಳ್ಳಿಗಳಿಗೆ ಒಂದೇ ಹಾಳೆ ಹಿಡಿದು ಹೋಯಿತು. ಅದರಲ್ಲಿ ಅಕ್ಷರ, ಪದ, ಒಂದನೇ ತರಗತಿಯ ಪ್ಯಾರಾ, ಎರಡನೇ ತರಗತಿಯ ಕತೆ. ಮನೆ ಜಗುಲಿಯಲ್ಲಿ ಮಗು ಓದುತ್ತದೆ, ತಾಯಿ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಾಳೆ. ಐದನೇ ಕ್ಲಾಸಿನ ಮಗ ಪದದಲ್ಲೇ ನಿಂತುಹೋದದ್ದು ಅವಳಿಗೆ ವರದಿ ಬರುವ ಮೊದಲೇ ತಿಳಿಯುತ್ತದೆ. ಈ ಸರಳತೆಯ ಮೇಲೆ ನನಗೆ ಅಪಾರ ಗೌರವ. ಮುಂದೆ ಅಕ್ಷರ ಫೌಂಡೇಷನ್ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 4, 5, 6ನೇ ತರಗತಿ ಮಕ್ಕಳಿಗೆ ಗಣಿತ ಸ್ಪರ್ಧೆ ನಡೆಸತೊಡಗಿದಾಗಲೂ ಹೀಗೆಯೇ, ಫಲಿತಾಂಶ ಮೊದಲು ಊರಿನವರ ಮುಂದೆ ಬಂತು.

ಓದು, ಲೆಕ್ಕ ಅಳೆಯಬಹುದು, ಸರಿ. ಫುಟ್‌ಬಾಲ್ ಆಡಿಸುವ, ಚಿತ್ರ ಬರೆಸುವ ಸಂಸ್ಥೆ ಏನನ್ನು ಅಳೆಯಬೇಕು? 1999ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ‘ಡ್ರೀಮ್ ಎ ಡ್ರೀಮ್’ ಸಂಸ್ಥೆಗೆ ಈ ಪ್ರಶ್ನೆ ನೇರವಾಗಿಯೇ ಎದುರಾಯಿತು. ಕಷ್ಟದ ಹಿನ್ನೆಲೆಯ ಮಕ್ಕಳಿಗೆ ಆಟ, ಕಲೆಗಳ ಮೂಲಕ ಜೀವನ ಕೌಶಲ ಕಲಿಸುವುದು ಅದರ ಕೆಲಸ. ಕೌಶಲ ಬಂತೆಂದು ತೋರಿಸುವುದು ಹೇಗೆ? ಸಿಗುತ್ತಿದ್ದ ಮಾಪನಗಳು ಹೆಚ್ಚಾಗಿ ಪಶ್ಚಿಮ ದೇಶಗಳವು. ಮಗುವೇ ಓದಿ ಉತ್ತರ ತುಂಬುವಂಥವು. ಓದಲು ತಡವರಿಸುವ ಮಗುವಿಗೆ ಆ ಪ್ರಶ್ನಾವಳಿಯೇ ಒಂದು ಪರೀಕ್ಷೆಯಾಗಿಬಿಡುತ್ತದೆ. ಕೊನೆಗೆ ಮನಶ್ಶಾಸ್ತ್ರಜ್ಞೆ ಫಿಯೋನಾ ಕೆನಡಿ, ಡೇವಿಡ್ ಪಿಯರ್ಸನ್ ಮೊದಲಾದವರ ಜೊತೆ ಸೇರಿ ಸಂಸ್ಥೆಯೇ ಒಂದು ಅಳತೆಗೋಲನ್ನು ರೂಪಿಸಿತು. ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಅದನ್ನು ಪರೀಕ್ಷಿಸಿದ ಪ್ರಬಂಧ 2014ರಲ್ಲಿ ಪ್ರಕಟವಾಯಿತು. ಲೇಖಕರಲ್ಲಿ ಸಂಸ್ಥೆಯ ಸಹ-ಸ್ಥಾಪಕ ವಿಶಾಲ್ ತಲ್ರೇಜಾ ಕೂಡ ಒಬ್ಬರು.

ಅಳತೆಗೋಲಿನಲ್ಲಿ ಇರುವುದು ಐದೇ ಸಾಲು. ಇತರರೊಡನೆ ಬೆರೆಯುವುದು, ತೊಡಕು ಬಂದಾಗ ದಾರಿ ಕಂಡುಕೊಳ್ಳುವುದು, ತಾನಾಗಿ ಮುಂದಾಗುವುದು, ಜಗಳ ನಿಭಾಯಿಸುವುದು, ಹೇಳಿದ್ದನ್ನು ಅರ್ಥಮಾಡಿಕೊಂಡು ನಡೆಯುವುದು. 8ರಿಂದ 16 ವರ್ಷದ ಮಕ್ಕಳಿಗೆ. ತುಂಬುವವರು ಮಕ್ಕಳಲ್ಲ, ಅವರನ್ನು ದಿನವೂ ನೋಡುವ ಫೆಸಿಲಿಟೇಟರ್. ‘ಇನ್ನೂ ಮಾಡುವುದಿಲ್ಲ’ ಎಂಬುದಕ್ಕೆ 1, ‘ಯಾರ ನೆರವೂ ಇಲ್ಲದೆ ಮಾಡುತ್ತದೆ’ ಎಂಬುದಕ್ಕೆ 5, ನಡುವೆ ಎಷ್ಟು ನೆರವು ಬೇಕಾಯಿತು ಎಂಬುದರ ಮೇಲೆ 2, 3, 4. ಮೈದಾನದಲ್ಲಿ ಚೆಂಡು ಔಟ್ ಆಯಿತೋ ಇಲ್ಲವೋ ಎಂದು ಜಗಳ ಹತ್ತಿತು ಅಂದುಕೊಳ್ಳಿ. ಒಂದು ಹುಡುಗಿ ಆಟ ಬಿಟ್ಟು ಗೋಡೆ ಹಿಡಿದು ಕೂರುತ್ತಾಳೆ. ಅಕ್ಕ ಹೋಗಿ ರಮಿಸಬೇಕು. ಆರು ತಿಂಗಳ ಮೇಲೆ ಅದೇ ಜಗಳದಲ್ಲಿ ಅವಳು ‘ಮತ್ತೆ ಹಾಕೋಣ, ಬಾ’ ಎಂದಳು. ನಾಲ್ಕನೇ ಸಾಲಿನಲ್ಲಿ ಅಂಕಿ ಮೇಲೇರುತ್ತದೆ. ‘ಇನ್ನೂ’ ಎಂದು ಬರೆದವರ ಮನಸ್ಸು ದೊಡ್ಡದು. ಮಗು ಫೇಲಾಗಲು ಅಲ್ಲಿ ಜಾಗವೇ ಇಲ್ಲ.

ಆದರೂ ಆರಂಭದ ಅಂಕಕ್ಕಿಂತ (ಬೇಸ್‌ಲೈನ್) ಕೊನೆಯ ಅಂಕ (ಎಂಡ್‌ಲೈನ್) ಹೆಚ್ಚಾದ ಮಾತ್ರಕ್ಕೆ ಕಾರ್ಯಕ್ರಮ ಗೆದ್ದಿತೆನ್ನುವಂತಿಲ್ಲ. ಆರು ತಿಂಗಳಲ್ಲಿ ಮಗು ಬೆಳೆದೂ ಇರುತ್ತದೆ. ಅಂಕ ಕೊಡುವವರು ಕಲಿಸಿದವರೇ ಆದಾಗ ಕೈ ತುಸು ಧಾರಾಳವಾಗುವುದೂ ಉಂಟು. ಹೋಲಿಸಿ ನೋಡಲು ಕಾರ್ಯಕ್ರಮ ಸಿಗದ ಮಕ್ಕಳು ಬೇಕು. ‘ಪ್ರಥಮ್’ ಮುಂಬೈ, ವಡೋದರಗಳಲ್ಲಿ ಹಿಂದುಳಿದ ಮಕ್ಕಳಿಗಾಗಿ ನೇಮಿಸಿದ ‘ಬಾಲಸಖಿ’ಯರ ಕೆಲಸವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2001ರಿಂದ ಅಳೆದದ್ದು ಹೀಗೆ. ಕೆಲವು ಶಾಲೆಗಳಲ್ಲಿ ಮೂರನೇ ತರಗತಿಗೆ ಬಾಲಸಖಿ, ಉಳಿದವುಗಳಲ್ಲಿ ನಾಲ್ಕನೆಯದಕ್ಕೆ. ಯಾವ ಶಾಲೆಯೂ ಬರಿಗೈಯಲ್ಲಿ ಉಳಿಯಲಿಲ್ಲ, ಹೋಲಿಕೆಯೂ ಸಿಕ್ಕಿತು. ಕಲಿಕೆ ಸ್ಪಷ್ಟವಾಗಿ ಏರಿತ್ತು. ಕಾರ್ಯಕ್ರಮ ಬಿಟ್ಟ ಒಂದು ವರ್ಷದ ನಂತರ ನೋಡಿದಾಗ ಗಳಿಸಿದ್ದರಲ್ಲಿ ಒಂದು ಪಾಲು ಮಾತ್ರ ಉಳಿದಿತ್ತು. ಆ ಎರಡನೆಯ ಸಂಗತಿಯೂ ನಮಗೆ ಗೊತ್ತಿರುವುದು ಅವರು ಮತ್ತೆ ಹೋಗಿ ನೋಡಿದ್ದರಿಂದ.

ಈಗ ಕಾನೂನೂ ಕೇಳುತ್ತದೆ. 2014ರ ಏಪ್ರಿಲ್‌ನಿಂದ ನಿಗದಿತ ಮಟ್ಟ ಮೀರಿದ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. 2021ರ ತಿದ್ದುಪಡಿಯ ಪ್ರಕಾರ, ಈ ಬಾಬ್ತಿನಲ್ಲಿ ಸರಾಸರಿ 10 ಕೋಟಿ ರೂಪಾಯಿ ಅಥವಾ ಹೆಚ್ಚು ಕೊಡಬೇಕಾದ ಕಂಪನಿ, 1 ಕೋಟಿಗೆ ಕಡಿಮೆಯಿಲ್ಲದ ಯೋಜನೆ ಮುಗಿದು ವರ್ಷವಾದ ಮೇಲೆ ಸ್ವತಂತ್ರ ಸಂಸ್ಥೆಯಿಂದ ಪರಿಣಾಮದ ಮೌಲ್ಯಮಾಪನ ಮಾಡಿಸಬೇಕು. ಸಣ್ಣ ಅನುದಾನಗಳು ಈ ನಿಯಮದ ಹೊರಗೆ. ಪೇಟೆಯ ಒಂದು ಶಾಲೆಯಲ್ಲಿ ಇಬ್ಬರು ಅಕ್ಕಂದಿರು ನಡೆಸುವ ಸಂಜೆ ತರಗತಿಯಂಥವು ಇಲ್ಲೇ ಬರುವುದು.

ಅವರಿಗೆ ಐದು ಸಾಲಿನ ಹಾಳೆ ಸಾಕು. ತುಂಬಿದ ಹಾಳೆ ಮೊದಲು ಮರುದಿನದ ತರಗತಿಗೆ ಉಪಯೋಗವಾಗಬೇಕು, ಆಮೇಲೆ ದಾನಿಯ ಮೇಜಿಗೆ. ಕಷ್ಟವಿರುವುದು ಒಂದು ವರ್ಷದ ನಂತರ ಅದೇ ಮಗುವನ್ನು ಹುಡುಕುವುದರಲ್ಲಿ. ಪೇಟೆಯ ಬಾಡಿಗೆ ಮನೆಯವರು ಕೆಲಸ ಸಿಕ್ಕ ಕಡೆ ಹೋಗುತ್ತಾರೆ, ಟಿ.ಸಿ. ಬೇರೆ ಶಾಲೆಗೆ, ಫೋನ್ ನಂಬರೂ ಬದಲು. ಆ ಹುಡುಕಾಟಕ್ಕೆ ಬೇಕಾದ ಬಸ್ ಚಾರ್ಜು ಮತ್ತು ಒಬ್ಬರ ಕೆಲವು ವಾರಗಳ ಸಂಬಳವನ್ನು ಅನುದಾನ ಕೊಡುವವರು ಮೊದಲ ದಿನದ ಬಜೆಟ್ಟಿನಲ್ಲೇ ಸೇರಿಸಬೇಕು.