ಬಯಲುಸೀಮೆಯ ಹಳೆಯ ಜೀಪುಗಳು

ಕರ್ನಾಟಕದಲ್ಲಿ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಗಳ ಸಂಗ್ರಹವೆಂದರೆ ಬಹುಮಟ್ಟಿಗೆ ಜೀಪಿನ ಸಂಗ್ರಹವೇ. ಎರಡನೆಯ ಮಹಾಯುದ್ಧ ಕಾಲದ ವಿಲ್ಲಿಸ್ ಮತ್ತು ಫೋರ್ಡ್, ಆಮೇಲಿನ ಮಹೀಂದ್ರ, ಸೇನೆಯ ಹರಾಜಿನಿಂದ ಹೊರಬಂದ ಜೋಂಗಾ, 1985ರ ಕೊನೆಯಲ್ಲಿ ಬಂದ ಮಾರುತಿ ಜಿಪ್ಸಿ, ಇಷ್ಟರಲ್ಲೇ ಸಂಗ್ರಹಕಾರರ ಹುಡುಕಾಟವೆಲ್ಲ ನಡೆಯುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ನೆಲ ಇಂಥ ಗಾಡಿಗಳಿಗೆ ಎರಡು ರೀತಿಯಲ್ಲಿ ಒಗ್ಗುತ್ತದೆ. ಇಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ನಂದಿಯ ಸುತ್ತಲಿನ ಬೆಟ್ಟಗಳಲ್ಲಿ ಹುಟ್ಟುವ ಉತ್ತರ ಪಿನಾಕಿನಿಯ ಪಾತ್ರ ಬಹುಕಾಲ ಬರಿಯ ಮರಳು, ಅದರಾಚೆ ಬಂಡೆ, ಕೆಮ್ಮಣ್ಣು, ಕೆರೆಯೇರಿ. ಲೋ ಗೇರಿನ ಗಾಡಿಗೆ ಇಲ್ಲಿ ನಿಜಕ್ಕೂ ಕೆಲಸವಿತ್ತು. ಮಲೆನಾಡು, ಕರಾವಳಿಗಳಿಗಿಂತ ಮಳೆ ಎಷ್ಟೋ ಕಡಿಮೆಯಾದ್ದರಿಂದ ತಗಡು ನಿಧಾನವಾಗಿ ತುಕ್ಕು ಹಿಡಿಯುತ್ತದೆ. ಸಂಗ್ರಹಕಾರರ ಪಾಲಿಗೆ ಈ ಎರಡನೆಯ ಕಾರಣವೇ ದೊಡ್ಡದು.

1940ರಲ್ಲಿ ಅಮೆರಿಕದ ಸೇನೆ ಕಾಲು ಟನ್ ಹೊರುವ ಹಗುರ ಗಾಡಿಯೊಂದು ಬೇಕೆಂದಾಗ ಮೊದಲ ಮಾದರಿ ಮಾಡಿಕೊಟ್ಟದ್ದು ಬ್ಯಾಂಟಮ್ ಎಂಬ ಚಿಕ್ಕ ಕಂಪನಿ. ಲಕ್ಷಗಟ್ಟಲೆ ತಯಾರಿಸುವ ಶಕ್ತಿ ಇದ್ದದ್ದು ಮಾತ್ರ ವಿಲ್ಲಿಸ್ ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳಿಗೆ. 1941ರಿಂದ 1945ರೊಳಗೆ ಇವೆರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಹೊರತಂದವು. ಯುದ್ಧ ಮುಗಿದ ಮೇಲೆ ಭಾರತದಲ್ಲಿ ಉಳಿದವು ಮಾರಾಟವಾಗಿ ಖಾಸಗಿಯವರ ಕೈಸೇರಿದವು. ಅದೇ ದಶಕದ ಕೊನೆಗೆ ಮಹೀಂದ್ರ ಕಂಪನಿ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೀಪು ಜೋಡಿಸತೊಡಗಿತು; ಕ್ರಮೇಣ ಇಲ್ಲಿಯೇ ತಯಾರಿಸಿತು. ಹಳ್ಳಿಗರ ಕಣ್ಣಿಗೆ ಜೀಪು ಬಿದ್ದದ್ದು ಹೆಚ್ಚಾಗಿ ಸರ್ಕಾರದ ಮೂಲಕ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಬಿ.ಡಿ.ಒ. (ಬ್ಲಾಕ್ ಅಭಿವೃದ್ಧಿ ಅಧಿಕಾರಿ) ಸಾಹೇಬರ ಜೀಪು ಊರೂರಿಗೆ ಬಂತು. ಪೊಲೀಸ್, ಕಂದಾಯ, ಅರಣ್ಯ ಇಲಾಖೆಗಳ ಗಾಡಿಗಳೂ ದಶಕಗಳ ಕಾಲ ಅವೇ. ಇಲಾಖೆ ಹರಾಜು ಹಾಕಿದ ಜೀಪನ್ನು ಕೊಂಡವರು ತೋಟಕ್ಕೆ, ಸಂತೆಗೆ, ಬಾಡಿಗೆಗೆ ಓಡಿಸಿದರು.

ಹಾಗಾಗಿ ಇಂದು ಸಿಗುವ ಹಳೆಯ ಜೀಪು ಕಾರ್ಖಾನೆಯಿಂದ ಬಂದ ರೂಪದಲ್ಲೇ ಇರುವುದು ಅಪರೂಪ. ಕೊಳ್ಳುವವರು ಮೊದಲು ಕಲಿಯಬೇಕಾದದ್ದು ಗಾಡಿಯನ್ನು ಓದುವುದನ್ನು. ಯುದ್ಧಕಾಲದ ಜೀಪಿನ ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳು, ನಂತರದ ನಾಗರಿಕ ಜೀಪಿನಲ್ಲಿ ಏಳು. ಯುದ್ಧಕಾಲದ್ದರ ಹೆಡ್‌ಲೈಟನ್ನು ಹಿಂದಕ್ಕೆ ತಿರುಗಿಸಿದರೆ ಎಂಜಿನ್ ಮೇಲೆ ಬೆಳಕು ಬೀಳುತ್ತದೆ. ರಾತ್ರಿ ರಿಪೇರಿಗೆಂದೇ ಮಾಡಿದ ಏರ್ಪಾಡು ಅದು. ಸ್ಟೀರಿಂಗ್ ಎಡಕ್ಕಿರುತ್ತದೆ. ವಿಲ್ಲಿಸ್ ಯಾವುದು, ಫೋರ್ಡ್ ಯಾವುದು ಎಂದು ತಿಳಿಯಲು ರೇಡಿಯೇಟರ್ ಕೆಳಗೆ ಇಣುಕಬೇಕು: ಚಾಸಿಸ್‌ನ ಮುಂದಿನ ಅಡ್ಡಪಟ್ಟಿ ವಿಲ್ಲಿಸ್‌ನಲ್ಲಿ ದುಂಡನೆಯ ಕೊಳವೆ, ಫೋರ್ಡ್‌ನಲ್ಲಿ ಕವುಚಿದ ‘ಯು’ ಆಕಾರದ ಪಟ್ಟಿ. ಫೋರ್ಡ್ ತನ್ನ ಬಿಡಿಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ‘ಎಫ್’ ಅಕ್ಷರ ಅಚ್ಚೊತ್ತುತ್ತಿತ್ತು. ಮಸಿ ಒರೆಸಿ ಆ ಅಕ್ಷರ ಹುಡುಕುವುದರಲ್ಲೇ ಅರ್ಧ ದಿನ ಕಳೆಯುವವರಿದ್ದಾರೆ, ಮತ್ತು ಆ ಶ್ರಮ ವ್ಯರ್ಥವಲ್ಲ. ಮಹೀಂದ್ರ ಬಹುಕಾಲ ತಯಾರಿಸಿದ ಸಿಜೆ-3ಬಿ ಮಾದರಿಯ ಬಾನೆಟ್ ಎತ್ತರ. ಅದರ ಹರಿಕೇನ್ ಎಂಜಿನ್ನಿನ ಒಂದು ಸಾಲು ವಾಲ್ವುಗಳು ಮೇಲಿರುವುದರಿಂದ ಎಂಜಿನ್ನೂ ಎತ್ತರವಾಗಿ, ಬಾನೆಟನ್ನು ಏರಿಸಬೇಕಾಯಿತು.

ಜೀಪೆಲ್ಲ ಫೋರ್ ವೀಲ್ ಅಲ್ಲ. ಹಿಂದಿನ ಚಕ್ರಕ್ಕೆ ಮಾತ್ರ ಬಲ ಹೋಗುವ ಜೀಪುಗಳೂ ಬಹಳ ಮಾರಾಟವಾಗಿವೆ. ಗೇರ್ ಲಿವರ್ ಪಕ್ಕದಲ್ಲಿ ಇನ್ನೆರಡು ಗಿಡ್ಡ ಲಿವರ್ ಇವೆಯೇ, ಮುಂದಿನ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್‌ನ ಗುಂಡು ಇದೆಯೇ ಎಂದು ಬಗ್ಗಿ ನೋಡಿದರೆ ಗೊತ್ತಾಗುತ್ತದೆ. ಲಿವರುಗಳಲ್ಲಿ ಒಂದು ಮುಂದಿನ ಚಕ್ರಗಳಿಗೆ ಬಲ ಕೊಡುತ್ತದೆ, ಇನ್ನೊಂದು ಲೋ ಗೇರಿಗೆ ಇಳಿಸುತ್ತದೆ. ಲೋ ಗೇರಿನಲ್ಲಿ ವೇಗ ಸುಮಾರು ಎರಡೂವರೆ ಪಟ್ಟು ತಗ್ಗಿ, ಎಳೆತ ಅಷ್ಟೇ ಹೆಚ್ಚುತ್ತದೆ.

ಪೆಟ್ರೋಲ್ ದುಬಾರಿಯಾದ ಮೇಲೆ ಎಷ್ಟೋ ಜೀಪುಗಳ ಮೂಲ ಎಂಜಿನ್ ಕಳಚಿ ಡೀಸೆಲ್ ಎಂಜಿನ್ ಕೂರಿಸಲಾಯಿತು. ಸುಮಾರು ನಾಲ್ಕು ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್ ಹೊತ್ತು ಜಬಲ್ಪುರದ ಕಾರ್ಖಾನೆಯಿಂದ ಬಂದ ಜೋಂಗಾಗಳಿಗಂತೂ ಖಾಸಗಿಯವರ ಕೈಗೆ ಬಂದಮೇಲೆ ಇದೇ ಗತಿ. ಶುದ್ಧ ಮೂಲರೂಪವನ್ನೇ ಬಯಸುವವರು ಇಂಥ ಗಾಡಿಯನ್ನು ಕೆಟ್ಟಿತೆಂದು ಬಿಟ್ಟುಬಿಡುತ್ತಾರೆ. ಅದು ಸರಿಯಲ್ಲ. ಬಯಲುಸೀಮೆಯಲ್ಲಿ ಜೀಪು ಬದುಕುಳಿದದ್ದೇ ಹಾಗೆ. ಹೊಸ ಎಂಜಿನ್ನನ್ನು ಹಳೆಯ ಗೇರ್ ಬಾಕ್ಸಿಗೆ ಜೋಡಿಸಲು ಲೇತ್ ಅಂಗಡಿಯಲ್ಲಿ ಕಡೆದ ಅಡಾಪ್ಟರ್ ತಟ್ಟೆಯೂ ಆ ಗಾಡಿಯ ಚರಿತ್ರೆಯ ಭಾಗವೇ. ಕಳಚಿದ ಹಳೆಯ ಎಂಜಿನ್ನನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿರಬೇಕು, ಅಷ್ಟೆ.

ಜೀಪಿನಷ್ಟೇ ಆಸಕ್ತಿಯಿಂದ ಸಂಗ್ರಹಿಸುವ ಇನ್ನೊಂದು ವರ್ಗ ಅದಕ್ಕೆ ಹೊರಗಿನ ಕಂಪನಿಗಳು ಮಾಡಿದ ಹೆಚ್ಚುವರಿ ಸಲಕರಣೆಗಳದ್ದು. ಇವುಗಳಲ್ಲಿ ಮುಖ್ಯವಾದದ್ದು ಲಾಕಿಂಗ್ ಹಬ್. ಹಳೆಯ ಜೀಪನ್ನು ಎರಡು ಚಕ್ರದ ಬಲದಲ್ಲಿ ಓಡಿಸುವಾಗಲೂ ಮುಂದಿನ ಚಕ್ರಗಳು ಉರುಳುತ್ತ ತಮ್ಮ ಆಕ್ಸಲ್, ಡಿಫರೆನ್ಷಿಯಲ್, ಪ್ರೊಪೆಲ್ಲರ್ ಶಾಫ್ಟುಗಳನ್ನು ಸುಮ್ಮನೆ ತಿರುಗಿಸುತ್ತಿರುತ್ತವೆ. ಇಂಧನ ಹೆಚ್ಚು ಹೋಗುತ್ತದೆ, ಸದ್ದು ಬರುತ್ತದೆ, ಹಲ್ಲುಗಳು ಸವೆಯುತ್ತವೆ. 1948ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಶುರುವಾದ ವಾರ್ನ್ ಕಂಪನಿ ಇದಕ್ಕೆ ಪರಿಹಾರವಾಗಿ ಚಕ್ರದ ನಡುವೆ ಕೂರುವ ಹಬ್ ಮಾಡಿತು. ಚಾಲಕ ಇಳಿದು ಹಬ್ಬಿನ ಬಿಲ್ಲೆಯನ್ನು ತಿರುಗಿಸಿದರೆ ಚಕ್ರಕ್ಕೂ ಆಕ್ಸಲ್‌ಗೂ ಸಂಬಂಧ ಕಡಿಯುತ್ತದೆ. ಮರಳು ಬಂದಾಗ ಮತ್ತೆ ಇಳಿದು ಲಾಕ್ ಮಾಡಬೇಕು. ಮಾಮೂಲಿ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುವು ತೆಗೆದುಕೊಳ್ಳಬಾರದು ಎಂಬ ಹಳೆಯ ಮೆಕ್ಯಾನಿಕ್‌ಗಳ ಎಚ್ಚರಿಕೆಗೂ ಕಾರಣವಿದೆ. ಈ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ, ಅವನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು. ಮಣ್ಣಿನಲ್ಲಾದರೆ ಜಾರಿ ಸರಿಹೋಗುತ್ತದೆ, ಗಟ್ಟಿ ರಸ್ತೆಯಲ್ಲಿ ಆ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ.

ಹೂತ ಗಾಡಿಯನ್ನು ಹಗ್ಗದಿಂದ ಎಳೆಯುವ ವಿಂಚ್‌ಗಳಲ್ಲಿ ಹಳೆಯವು ಎಂಜಿನ್ನಿನಿಂದಲೇ ಶಾಫ್ಟ್ ಮೂಲಕ ಓಡುವಂಥವು. ಎಂಜಿನ್ ಓಡುವವರೆಗೆ ಅವು ದಣಿಯುವುದಿಲ್ಲ, ಎಂಜಿನ್ ನಿಂತರೆ ಅವೂ ನಿಂತವು. ಆಮೇಲೆ ಬಂದ ವಿದ್ಯುತ್ ವಿಂಚಿಗೆ ಬ್ಯಾಟರಿಯೇ ಮಿತಿ. ಇಪ್ಪತ್ತು ಲೀಟರಿನ ಜೆರ್ರಿ ಕ್ಯಾನು, ಕ್ಯಾನ್ವಾಸ್ ಹುಡ್, ಟ್ರೈಲರ್ ಎಳೆಯುವ ಕೊಕ್ಕೆ, ಸ್ಪಾಟ್ ಲೈಟುಗಳಿಗೂ ಬೇಡಿಕೆಯಿದೆ. ಕ್ಯಾನಿನ ಮೇಲೆ ತಯಾರಕರ ಹೆಸರು, ವರ್ಷ ಅಚ್ಚಾಗಿರುವುದುಂಟು. ಗಾಡಿಯ ವರ್ಷದ್ದೇ ಕ್ಯಾನು ಹೊಂದಿಸುವುದು ಸಂಗ್ರಹಕಾರರಿಗೆ ದೊಡ್ಡ ಖುಷಿ. ದೀಪ ಕೊಳ್ಳುವ ಮುನ್ನ ವೋಲ್ಟೇಜ್ ನೋಡಬೇಕು: ಯುದ್ಧಕಾಲದ ಜೀಪಿನ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು, 12 ವೋಲ್ಟಿನ ಬಲ್ಬು ಅದರಲ್ಲಿ ಮಿಣುಕುತ್ತದಷ್ಟೆ.

ಯಾವ ಸಲಕರಣೆಯನ್ನಾದರೂ ಚಾಸಿಸ್‌ನಲ್ಲಿ ಈಗಾಗಲೇ ಇರುವ ತೂತುಗಳಿಗೆ ಬೋಲ್ಟ್ ಹಾಕಿ ಕೂರಿಸಿದ್ದರೆ ಅದು ಗಾಡಿಗೆ ಮೆರುಗು. ಕತ್ತರಿಸಿ ವೆಲ್ಡ್ ಮಾಡಿದ್ದರೆ ಹಾನಿ. ಬೋಲ್ಟ್ ಬಿಚ್ಚಿದರೆ ಮೂಲರೂಪ ಮರಳುತ್ತದೆ, ಕತ್ತರಿಸಿದ ಕಬ್ಬಿಣ ಮರಳುವುದಿಲ್ಲ. ಬಿಚ್ಚುವಾಗಲೂ ಎಚ್ಚರ ಬೇಕು. ಹಳೆಯ ಜೀಪುಗಳ ಮೂಲ ಬೋಲ್ಟುಗಳು ಇಂಚಿನ ಅಳತೆಯವು, ಈಗಿನ ಎಂ.ಎಂ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ತಲೆ ಸವೆದು ದುಂಡಗಾಗುತ್ತದೆ.

ಬಿಡಿಭಾಗ ಹುಡುಕುವವರು ಚಿಕ್ಕಬಳ್ಳಾಪುರದ ಕಡೆಯ ಊರುಗಳಿಂದ ಬೆಂಗಳೂರಿನ ಜೆ.ಸಿ. ರಸ್ತೆಗೆ, ಶಿವಾಜಿನಗರದ ಗುಜರಿಗೆ ಹೋಗುವುದು ಹಳೆಯ ರೂಢಿ. ಮೂಲ ವಿನ್ಯಾಸವನ್ನು ಹೆಚ್ಚು ಬದಲಿಸದೆ ಮಹೀಂದ್ರ ದಶಕಗಳ ಕಾಲ ಜೀಪು ತಯಾರಿಸಿದ್ದರಿಂದ ಎಷ್ಟೋ ಭಾಗಗಳು ಇಂದಿಗೂ ಹೊಸದಾಗಿಯೇ ಸಿಗುತ್ತವೆ. ಇದರಿಂದ ಒಂದು ತೊಡಕೂ ಇದೆ. ಹರಿಯಾಣದ ಮಂಡಿ ಡಬ್ವಾಲಿಯಂಥ ಕಡೆ ಹೊಸ ತಗಡಿನ ಬಾಡಿ ಹಾಕಿ ಜೋಡಿಸಿದ ಜೀಪುಗಳು ದೇಶದೆಲ್ಲೆಡೆ ಹೋಗುತ್ತವೆ. ಓಡಿಸುವ ಖುಷಿಗೆ ಅವು ಸಾಕು. ಆದರೆ 1940ರ ದಶಕದ್ದೆಂದು ಹೇಳಿ ಮಾರಿದರೆ ಕೊಂಡವರಿಗೆ ನಷ್ಟ.

ಕಾಗದಪತ್ರ ಸರಿಯಿಲ್ಲದ ಗಾಡಿಯನ್ನು, ಎಷ್ಟೇ ಚೆನ್ನಾಗಿರಲಿ, ಕೊಳ್ಳಬಾರದು. ನೋಂದಣಿ ಕೋಲಾರದ ಕೆಎ-07 ಇರಲಿ, ಚಿಕ್ಕಬಳ್ಳಾಪುರದ ಕೆಎ-40, ಚಿಂತಾಮಣಿಯ ಕೆಎ-67 ಇರಲಿ, ಆರ್.ಸಿ.ಯಲ್ಲಿರುವ ಚಾಸಿಸ್ ಮತ್ತು ಎಂಜಿನ್ ಸಂಖ್ಯೆ ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ಎಂಜಿನ್ ಬದಲಿಸಿದ್ದರೆ ಅದು ಆರ್‌ಟಿಒ ಅನುಮತಿಯೊಂದಿಗೆ ದಾಖಲಾಗಿರಬೇಕು. ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಪಾದಚಾರಿಗಳಿಗೆ ಅಪಾಯವೆಂದು, ಗಾಡಿಯ ಮುಂಭಾಗಕ್ಕೆ ಕೂರಿಸುವ ಬುಲ್ ಬಾರ್‌ಗಳನ್ನು ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲೇ ನಿಷೇಧಿಸಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗೆ 2021ರ ನಿಯಮಗಳಂತೆ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವಿಕೆಯಂಥ ಕೆಲಸಕ್ಕೆ ರಸ್ತೆಗಿಳಿಸಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ, ಬಾಡಿಗೆಗಂತೂ ಅಲ್ಲ.

ಒಣಹವೆ ತಗಡನ್ನು ಕಾಪಾಡಿದರೂ ರಬ್ಬರನ್ನು ಕಾಪಾಡುವುದಿಲ್ಲ. ಬಿಸಿಲಿನಲ್ಲಿ ನಿಂತ ಜೀಪಿನ ಟೈರು ಬಿರಿಯುತ್ತದೆ, ಪೆಟ್ರೋಲ್ ಪೈಪು ಸೀಳುತ್ತದೆ, ಬ್ರೇಕಿನ ವಾಷರು ಗಟ್ಟಿಯಾಗುತ್ತದೆ. ಗಾಡಿ ನೆರಳಲ್ಲಿರಬೇಕು. ತಿಂಗಳಿಗೊಮ್ಮೆ ಹಬ್ ಲಾಕ್ ಮಾಡಿ, ಮಣ್ಣಿನ ದಾರಿಯಲ್ಲಿ ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ಸ್ವಲ್ಪ ದೂರ ಓಡಿಸಿದರೆ ಮುಂದಿನ ಆಕ್ಸಲ್‌ನ ಗೇರುಗಳಿಗೆ ಆಯಿಲ್ ಹರಡುತ್ತದೆ, ಸೀಲುಗಳು ಒಣಗುವುದಿಲ್ಲ, ಲಿವರುಗಳೂ ಹಿಡಿದುಕೊಳ್ಳುವುದಿಲ್ಲ.